ಬಜೆಟ್ ಸಭೆಯ ಖಾಲಿ ಕುರ್ಚಿಗಳು

ಮಳೆಗಾಲದಲ್ಲಿ ಚರಂಡಿ ಉಕ್ಕಿ ಮನೆಯಂಗಳಕ್ಕೆ ನೀರು ನುಗ್ಗಿದಾಗ ನಮಗೆ ಪುರಸಭೆಯ ನೆನಪಾಗುತ್ತದೆ. ಮೊಹಲ್ಲಾದ ನಾಲ್ಕು ಮಂದಿ ಸೇರಿ ಮುಖ್ಯಾಧಿಕಾರಿಯ ಕೊಠಡಿಗೆ ಧಾವಿಸುತ್ತೇವೆ. ‘ಅನುದಾನವಿಲ್ಲ, ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಪಡೆದು ಗೊಣಗುತ್ತಾ ಮರಳುತ್ತೇವೆ. ಅಧಿಕಾರಿ ಹೇಳಿದ್ದು ಅನೇಕ ವೇಳೆ ಸುಳ್ಳಲ್ಲ ಎಂಬುದೇ ವಿಪರ್ಯಾಸ. ಆ ವರ್ಷದ ಹಣ ಯಾವ ಬೀದಿಗೆ ಹೋಗಬೇಕೆಂಬುದು ಏಪ್ರಿಲ್ 1ಕ್ಕೆ ಮೊದಲೇ ಇತ್ಯರ್ಥವಾಗಿರುತ್ತದೆ. ಇತ್ಯರ್ಥವಾಗುವಾಗ ನಾವು ಅಲ್ಲಿರುವುದಿಲ್ಲ.

ಆಯವ್ಯಯ ಸಿದ್ಧಪಡಿಸುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂದು ಕರ್ನಾಟಕದ ಪುರಸಭೆಗಳಿಗೆ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ವಿಧಿಸಿವೆ. ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಸ್ಥಳೀಯ ಪತ್ರಿಕೆಯ ಮೂಲೆಯೊಂದರಲ್ಲಿ ಸಣ್ಣ ಪ್ರಕಟಣೆ ಬರುತ್ತದೆ: ಇಂತಹ ದಿನ ಬಜೆಟ್ ಪೂರ್ವಭಾವಿ ಸಭೆ. ಇಂತಹ ಒಂದು ಸಭೆಯಲ್ಲಿ ಕುಳಿತುಕೊಳ್ಳುವ ಅವಕಾಶ ನನಗೆ ದೊರಕಿತ್ತು. ವರ್ತಕರ ಸಂಘದವರು ಬಂದಿದ್ದರು, ಇಬ್ಬರು ನಿವೃತ್ತ ಶಿಕ್ಷಕರು ಬಂದಿದ್ದರು, ಗುತ್ತಿಗೆದಾರರಂತೂ ತಪ್ಪದೆ ಬಂದಿದ್ದರು. ಊರಿನ ಅತ್ಯಂತ ಇಕ್ಕಟ್ಟಾದ ವಾರ್ಡುಗಳಿಂದ, ಅಂದರೆ ನಮ್ಮವರೇ ಅಧಿಕವಾಗಿರುವ ವಾರ್ಡುಗಳಿಂದ ಒಬ್ಬರೂ ಇರಲಿಲ್ಲ. ಉದ್ಯಾನದ ಬೇಲಿಯ ಕುರಿತು ಅರ್ಧ ಗಂಟೆ ಚರ್ಚೆಯಾಯಿತು. ಕುಡಿಯುವ ನೀರಿನ ವಿಷಯವನ್ನು ಎತ್ತುವವರೇ ಇರಲಿಲ್ಲ.

ತಪ್ಪೆಲ್ಲ ನಮ್ಮದೇ ಎಂದಲ್ಲ. ಸಭೆ ನಡೆಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ, ಚಹಾ ಕುಡಿಸಿ ಕಳುಹಿಸುವುದನ್ನೇ ಸಮಾಲೋಚನೆ ಎಂದು ಭಾವಿಸಿರುವ ಆಡಳಿತಗಳಿವೆ. ಮಾರುಕಟ್ಟೆಯನ್ನು ಊರ ಹೊರಗೆ ಸಾಗಿಸುವ, ಕಸಕ್ಕೆ ಶುಲ್ಕ ಹೇರುವ ನಿರ್ಧಾರಗಳು ಆದ ಮೇಲೆ ಜನರಿಗೆ ತಿಳಿಯುತ್ತವೆ. ಚುನಾಯಿತರಿಗೂ ಅಧಿಕಾರ ದಕ್ಕದ ವರ್ಷಗಳನ್ನು ನಾವು ಕಂಡಿದ್ದೇವೆ. 2018ರಲ್ಲಿ ಗೆದ್ದ ಪುರಸಭಾ ಸದಸ್ಯರು, ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಕಾಯಬೇಕಾಯಿತು. ಎರಡನೇ ಅವಧಿಯ ಅಧ್ಯಕ್ಷರ ಆಯ್ಕೆಯೂ 2024ರವರೆಗೆ ವಿಳಂಬವಾಯಿತು. ಆ ಅವಧಿಯಲ್ಲಿ ಆಯವ್ಯಯಕ್ಕೆ ಸಹಿ ಹಾಕಿದವರು ಆಡಳಿತಾಧಿಕಾರಿಗಳು. ಅವರಿಗೆ ಮತ ಹಾಕಿದವರಾರೂ ಇಲ್ಲ, ಆದ್ದರಿಂದ ಅವರನ್ನು ಪ್ರಶ್ನಿಸುವವರೂ ಕಡಿಮೆ. 74ನೇ ಸಂವಿಧಾನ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಸಣ್ಣ ಪಟ್ಟಣದವರ ಪಾಲಿಗೆ ಈ ಪೂರ್ವಭಾವಿ ಸಭೆಯೇ ಬಹುತೇಕ ಏಕೈಕ ಬಾಗಿಲು. ಅದನ್ನೂ ನಾವೇ ಮುಚ್ಚಿಕೊಳ್ಳಬೇಕೇ?

ಕೇಳುವ ರೀತಿಯೂ ಬದಲಾಗಬೇಕು. ‘ನಮ್ಮ ಏರಿಯಾಗೆ ಏನೂ ಮಾಡಿಲ್ಲ’ ಎಂಬ ಮಾತಿಗೆ ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆಯಿಲ್ಲ. ಯಾವ ಅಡ್ಡರಸ್ತೆ, ಎಷ್ಟು ಮೀಟರ್ ಚರಂಡಿ, ಎಷ್ಟು ಮನೆಗಳು, ಯಾವ ಮೋರಿ ಕುಸಿದಿದೆ ಎಂದು ಬರೆದು, ಮನವಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಆ ಕಾಗದಕ್ಕೆ ಬಲ ಬರುತ್ತದೆ. ಕಳೆದ ವರ್ಷದ ಆಯವ್ಯಯದ ಪ್ರತಿ ಪಡೆದು ಓದುವುದು ಇದಕ್ಕಿಂತ ಮುಖ್ಯ. ಅದರಲ್ಲಿ ಅಂದಾಜು ಮಾಡಿದ ಮೊತ್ತವೂ ನಿಜವಾಗಿ ಖರ್ಚಾದ ಮೊತ್ತವೂ ಪಕ್ಕಪಕ್ಕದಲ್ಲಿರುತ್ತವೆ. ಎರಡರ ಅಂತರವೇ ಅನೇಕ ಸಂಗತಿಗಳನ್ನು ಹೇಳುತ್ತದೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಪರಿಶಿಷ್ಟರಿಗೆ ಶೇ. 24.10, ಅಂಗವಿಕಲರಿಗೆ ಶೇ. 5 ಮೀಸಲಿಡುವಂತೆ ಇತರ ಬಡವರ ಕಲ್ಯಾಣಕ್ಕೆ ಶೇ. 7.25 ನಿಧಿ ಮೀಸಲಿಡುವ ಪದ್ಧತಿ ನಮ್ಮ ನಗರಾಡಳಿತದಲ್ಲಿದೆ. ನಮ್ಮ ಬಡ ಕುಟುಂಬದ ವಿದ್ಯಾರ್ಥಿಯೂ, ಹೊಲಿಗೆ ಯಂತ್ರ ಬಯಸುವ ವಿಧವೆಯೂ ಈ ಕೊನೆಯ ನಿಧಿಗೆ ಅರ್ಜಿ ಹಾಕಬಹುದು. ಎಷ್ಟು ಮನೆಗಳಿಗೆ ಈ ವಿಷಯ ತಿಳಿದಿದೆ?

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಗಳ ನಿವಾಸಿಗಳೇ ಸೇರಿ ನಗರಾಡಳಿತದ ಕಾಮಗಾರಿಗಳ ಆದ್ಯತೆ ನಿರ್ಧರಿಸತೊಡಗಿದರು. ಬಡವರ ಕೇರಿಗಳಿಗೆ ನೀರು, ಒಳಚರಂಡಿ ತಲುಪಿದ್ದು ಆ ಬಳಿಕ ವೇಗ ಪಡೆಯಿತು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳ 1996ರಲ್ಲಿ ಜನತಾ ಯೋಜನೆ ಆರಂಭಿಸಿ, ರಾಜ್ಯ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕೂ ಮಿಕ್ಕಿದ ಹಣವನ್ನು ಸ್ಥಳೀಯ ಸಂಸ್ಥೆಗಳ ವಿವೇಚನೆಗೆ ಬಿಟ್ಟಿತು. ಅಲ್ಲಿಯೂ ಲೋಪಗಳಿದ್ದವು, ಪಕ್ಷ ರಾಜಕೀಯವಿತ್ತು. ಆದರೆ ಜನರು ಸಭೆಗೆ ಬಂದರು.

ನಮ್ಮಲ್ಲಿ ಮದುವೆಯ, ಮಯ್ಯತ್‌ನ ಸುದ್ದಿ ಅರ್ಧ ದಿನದಲ್ಲಿ ಮೊಹಲ್ಲಾದ ಮೂಲೆಮೂಲೆಗೆ ತಲುಪುತ್ತದೆ. ಜುಮಾ ನಮಾಝಿನ ಬಳಿಕ ಜಮಾಅತ್ ಕಮಿಟಿಯವರು ಪುರಸಭೆಯ ಸಭೆಯ ದಿನಾಂಕವನ್ನೂ ಪ್ರಕಟಿಸಲು ಅಡ್ಡಿಯೇನು? ಆದರೆ ಆ ಪ್ರಕಟಣೆ ಪುರುಷರ ಕಿವಿಗೆ ಮಾತ್ರ ಬೀಳುತ್ತದೆ. ನಳದಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಕೊಡ ತುಂಬುವಷ್ಟರಲ್ಲಿ ನಿಲ್ಲುತ್ತದೆ, ಕಸದ ಗಾಡಿ ವಾರಕ್ಕೆ ಎಷ್ಟು ದಿನ ತಪ್ಪುತ್ತದೆ ಎಂಬುದನ್ನು ಬಲ್ಲವರು ಮನೆಯ ಹೆಣ್ಣುಮಕ್ಕಳು. ಮನವಿ ಬರೆಯುವ ಮುನ್ನ ಅವರನ್ನು ಕೇಳಿರಿ, ಸಭೆಗೂ ಕರೆದೊಯ್ಯಿರಿ. ಮುಂದಿನ ಡಿಸೆಂಬರ್‌ನಲ್ಲಿ ಪ್ರಕಟಣೆ ಕಾಣದಿದ್ದರೆ ಪುರಸಭೆಗೆ ಹೋಗಿ ದಿನಾಂಕ ಯಾವುದೆಂದು ಲಿಖಿತವಾಗಿ ಕೇಳಿರಿ.