ಬಾನೆಟ್ ಎತ್ತಲು ನಮಗೇಕೆ ಅಂಜಿಕೆ?

ಪಂಪಿನಲ್ಲಿ ನೀರು ಬರದಿದ್ದರೆ ಫುಟ್‌ವಾಲ್ವ್ ಎತ್ತಿ ನೋಡುತ್ತೇವೆ. ಸ್ಪ್ರೇಯರಿನ ವಾಷರ್ ಸವೆದರೆ ನಾವೇ ಬದಲಿಸುತ್ತೇವೆ. ಕಳೆ ಕತ್ತರಿಸುವ ಯಂತ್ರ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ, ಉಜ್ಜಿ, ಕಿಡಿ ಬರುತ್ತದೋ ನೋಡುತ್ತೇವೆ. ಅದೇ ಅಂಗಳದಲ್ಲಿ ನಿಂತ ಕಾರಿನ ಬಾನೆಟ್ ಎತ್ತಬೇಕೆಂದರೆ ಮಾತ್ರ ಕೈ ಹಿಂದೆ ಸರಿಯುತ್ತದೆ. ‘ಅದು ಕಂಪನಿಯವರ ಕೆಲಸ ಮಾರಾಯ್ರೆ, ನಮಗ್ಯಾಕೆ?’ ಎಂದು ಬಿಡುತ್ತೇವೆ.

ಈ ಮಾತು ನನಗೆ ಒಪ್ಪಿಗೆಯಿಲ್ಲ. ಹಳ್ಳಿಯಲ್ಲಿ ಕಾರು, ಜೀಪು, ಪಿಕಪ್ ಇಟ್ಟುಕೊಂಡವರಿಗೆ ಅದು ಶೋಕಿಯ ವಸ್ತುವಲ್ಲ. ಗೊಬ್ಬರದ ಚೀಲ, ಅಡಿಕೆ ಮೂಟೆ, ಬಾಡಿಗೆ ಬಸ್ಸು ಬಾರದ ದಿನ ಶಾಲೆಯ ಮಕ್ಕಳು, ನಡುರಾತ್ರಿ ಹೆರಿಗೆಗೆ ಹೊರಟ ನೆರೆಮನೆಯ ಹೆಂಗಸು – ಎಲ್ಲವೂ ಅದರಲ್ಲೇ. ಕಂಪನಿಯ ಸರ್ವಿಸ್ ಸೆಂಟರ್ ಇರುವುದು ಪೇಟೆಯಲ್ಲಿ. ಜುಲೈ ತಿಂಗಳ ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಘಾಟಿಯ ತಿರುವಿನಲ್ಲಿ ಟಯರ್ ಪಂಕ್ಚರ್ ಆದರೆ ಟೋಲ್-ಫ್ರೀ ನಂಬ್ರದಿಂದ ಏನೂ ಉಪಯೋಗವಿಲ್ಲ. ಜ್ಯಾಕ್ ಹಾಕಲು ಬಲ್ಲ ಎರಡು ಕೈ ಬೇಕು, ಅಷ್ಟೆ.

ಹಿಂದೆ ಹೀಗಿರಲಿಲ್ಲ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರ್, 796 ಸಿ.ಸಿ. ಬಾನೆಟ್ ಎತ್ತಿದರೆ ನೆಲ ಕಾಣುವಷ್ಟು ಜಾಗ. ಕಾರ್ಬೊರೇಟರಿನ ಜೆಟ್ ಊದಿ ಸ್ವಚ್ಛ ಮಾಡುವುದು, ಪಾಯಿಂಟ್ ಉಜ್ಜುವುದು, ಪ್ಲಗ್ಗಿನ ಸಂದು ಸರಿ ಮಾಡುವುದು – ಇವು ಅನೇಕ ಕೃಷಿಕರಿಗೆ ಭಾನುವಾರದ ಹವ್ಯಾಸವೇ ಆಗಿತ್ತು. ಡೀಸೆಲ್ ಜೀಪು ಇದ್ದವರಿಗಂತೂ ಲೈನಿನಲ್ಲಿ ಸೇರಿದ ಗಾಳಿ ತೆಗೆಯುವುದು ಡೀಸೆಲ್ ಪಂಪ್‌ಸೆಟ್ಟಿನಿಂದಲೇ ಕಲಿತ ವಿದ್ಯೆ. ಮಾರುತಿ 800ರ ತಯಾರಿ 2014ರ ಜನವರಿಯಲ್ಲಿ ನಿಂತಿತು. ಅದರ ಜತೆಗೇ ಈ ಹವ್ಯಾಸವೂ ನಿಂತಂತಿದೆ. ಹೊಸ ಕಾರಿನ ಇಂಜಿನಿನ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಅದನ್ನು ನೋಡಿಯೇ ‘ಇದು ನಮ್ಮಿಂದಾಗದು’ ಎಂದು ತೀರ್ಮಾನಿಸುತ್ತೇವೆ. ಮುಚ್ಚಳದ ಕೆಳಗೆ ಇರುವುದು ಈಗಲೂ ಆಯಿಲ್, ನೀರು, ಗಾಳಿ, ಕಿಡಿ – ಅದೇ ನಾಲ್ಕು.

ಮನೆಯಲ್ಲೇ ಆಗುವ ಕೆಲಸ

ಆಯಿಲ್ ನೋಡಲು ವಿದ್ಯೆ ಬೇಡ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ. ಒರೆಸಿ, ಪುನಃ ಅದ್ದಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಗಾಡಿ ಓಡಿಸದೆ ಮೆಕ್ಯಾನಿಕನನ್ನು ಕರೆಯಬೇಕು. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿ ಇರುವಾಗ ಮುಟ್ಟಲೇಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಕೂಲೆಂಟ್ ಬದಲು ಬಾವಿನೀರು ಹೊಯ್ಯುವ ಅಭ್ಯಾಸವನ್ನೂ ಬಿಡಬೇಕು. ಒಳಗೆ ತುಕ್ಕು, ಕಿಟ್ಟ ಕಟ್ಟುವುದು ಅದರಿಂದಲೇ.

ಬೆಳಗ್ಗೆ ಕೀ ತಿರುಗಿಸಿದರೆ ‘ಟಿಕ್ ಟಿಕ್’ ಎಂದು ಸುಮ್ಮನಾಗುತ್ತದೆ. ಹೊಸ ಬ್ಯಾಟರಿ ತರುವ ಮೊದಲು ಟರ್ಮಿನಲ್ ನೋಡಿ. ಬಿಳಿ, ಹಸಿರು ಹುಡಿ ಕಟ್ಟಿದ್ದರೆ ಕರೆಂಟು ಹರಿಯುವುದೇ ಇಲ್ಲ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಬೇಕು. ಅಡಿಗೆ ಸೋಡ ಕಲಸಿದ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ, ಬಿಗಿ ಮಾಡಿ ಮೇಲೆ ವ್ಯಾಸಲಿನ್ ಸವರಿದರಾಯ್ತು. ಜೋಡಿಸುವಾಗ ನೆಗೆಟಿವ್ ಕೊನೆಗೆ.

ಮಣ್ಣುರಸ್ತೆಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರಿನವರೆಗೆ ಕಾಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದರ ಪೆಟ್ಟಿಗೆಗೆ ನಾಲ್ಕು ಕ್ಲಿಪ್ಪು, ಇಲ್ಲವೇ ಎರಡು ಸ್ಕ್ರೂ. ತೆಗೆದು ಮೆಲ್ಲಗೆ ಬಡಿದು ಧೂಳು ಕೊಡವಬಹುದು, ಕಪ್ಪಾಗಿದ್ದರೆ ಬದಲಿಸಬೇಕು. ಎ.ಸಿ.ಯ ಫಿಲ್ಟರ್ ಹೆಚ್ಚಾಗಿ ಎಡಸೀಟಿನ ಮುಂದಿರುವ ಡಬ್ಬಿಯ ಹಿಂದುಗಡೆ ಇರುತ್ತದೆ. ನನ್ನ ಕಾರಿನದ್ದನ್ನು ತೆಗೆಯಲು ಒಂದು ಸ್ಪ್ಯಾನರೂ ಬೇಡ, ಹತ್ತು ನಿಮಿಷದ ಕೆಲಸ. ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಅದಕ್ಕೂ ಬೇರೆ ಮಜೂರಿ ಬರೆದಿದ್ದರು. ಅವರು ದುಡಿದದ್ದಕ್ಕೆ ಹಣ ಕೇಳಿದ್ದು ತಪ್ಪಲ್ಲ. ಆದರೆ ಅದು ಎಷ್ಟು ಸಣ್ಣ ಕೆಲಸ ಎಂದು ಗೊತ್ತಿದ್ದರೆ ಬಿಲ್ಲು ಓದುವ ಕಣ್ಣೇ ಬೇರೆಯಾಗುತ್ತದೆ.

ಟಯರಿನ ಗಾಳಿಯನ್ನು ಗಾಡಿ ಓಡುವ ಮೊದಲು, ತಣ್ಣಗಿರುವಾಗಲೇ ನೋಡಬೇಕು. ಎಷ್ಟು ಬೇಕೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಇಲ್ಲವೇ ಪುಸ್ತಕದಲ್ಲಿ ಬರೆದಿರುತ್ತದೆ. ಟಯರಿನ ಗೀರು 1.6 ಮಿಲಿಮೀಟರಿಗಿಂತ ಸವೆದರೆ ಕಾನೂನು ಪ್ರಕಾರವೂ ಅದು ರಸ್ತೆಗೆ ಅಯೋಗ್ಯ. ಮಳೆಗಾಲದ ಘಾಟಿಯಲ್ಲಿ ಅಷ್ಟರವರೆಗೂ ಕಾಯಬಾರದು.

ಫ್ಯೂಸಿಗೆ ಬಣ್ಣವುಂಟು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಹೋದದ್ದು ಯಾವ ಬಣ್ಣವೋ ಅದೇ ಹಾಕಬೇಕು. ಮನೆಯ ಮೀಟರ್ ಬೋರ್ಡಿಗೆ ತಂತಿ ಸುತ್ತುವ ನಮ್ಮ ಬುದ್ಧಿ ಇಲ್ಲಿ ನಡೆಯದು. ವಯರಿಂಗೇ ಸುಟ್ಟುಹೋದೀತು. ಪುನಃ ಪುನಃ ಹೋಗುತ್ತಿದ್ದರೆ ದೋಷ ಫ್ಯೂಸಿನದ್ದಲ್ಲ, ಎಲ್ಲೋ ವಯರ್ ತಾಗುತ್ತಿದೆ. ಹೆಚ್ಚಾಗಿ ಅದು ಇಲಿಯ ಕೆಲಸ. ಅಡಿಕೆ, ತೆಂಗಿನಕಾಯಿ ರಾಶಿ ಹಾಕಿದ ಕೊಟ್ಟಿಗೆಯಲ್ಲೇ ಕಾರು ನಿಲ್ಲಿಸಿದರೆ ಇಲಿಗೆ ನಾವೇ ಊಟ, ವಸತಿ ಎರಡೂ ಕೊಟ್ಟಂತೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವವನಿಗೆ ಗೂಡಿನ ಮೊದಲ ಹುಲ್ಲುಕಡ್ಡಿಯೇ ಕಾಣಿಸುತ್ತದೆ.

ಮುಟ್ಟಬಾರದ್ದೂ ಉಂಟು

ಉತ್ಸಾಹಕ್ಕೆ ಒಂದು ಬೇಲಿ ಬೇಕು. ಬರೇ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ತೂರಬಾರದು. ಜ್ಯಾಕ್ ಚಕ್ರ ಬದಲಿಸಲು ಇರುವುದೇ ಹೊರತು ಅಡಿಯಲ್ಲಿ ಮಲಗಿ ಕೆಲಸ ಮಾಡಲು ಅಲ್ಲ. ಚಕ್ರ ಬದಲಿಸುವಾಗಲೂ ಎದುರು ಬದಿಯ ಚಕ್ರಕ್ಕೆ ಕಲ್ಲು ಕೊಡಿ. ಎತ್ತುವ ಮೊದಲೇ ನಟ್ಟು ಸ್ವಲ್ಪ ಸಡಿಲಿಸಿ. ಬಿಗಿಯುವಾಗ ಒಂದರ ಪಕ್ಕದ್ದಲ್ಲ, ಎದುರಿನದ್ದು.

ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್, ಗ್ಯಾಸ್ ಕಿಟ್ – ಇವು ಹವ್ಯಾಸದ ಕೆಲಸವಲ್ಲ. ಆದರೆ ತಿಳಿದಿರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ಇಳಿಜಾರಿನಲ್ಲಿ ಬಿಸಿಯೇರಿದಾಗ ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು ಇದಕ್ಕೇ. ಬದಲಿಸುವವನು ಮೆಕ್ಯಾನಿಕ್, ನೆನಪಿಸಬೇಕಾದವರು ನಾವು. ತುಂಬಿದ ಹೊಳೆ ದಾಟುವಾಗ ಇಂಜಿನ್ ನಿಂತರೆ ಪುನಃ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಗಾಳಿಯಂತೆ ಅದು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇಷ್ಟು ಗೊತ್ತಿದ್ದರೆ ಒಂದು ಇಂಜಿನ್ ಉಳಿಯಿತು.

ಇನ್ನೊಂದು ಮಾತು ನಮ್ಮ ಮಣ್ಣಿಗೆ ಸಂಬಂಧಿಸಿದ್ದು. ಆಯಿಲ್ ಬದಲಿಸಿದ ಮೇಲೆ ಹಳೆಯದನ್ನು ಗೆದ್ದಲಿಗೆಂದು ಬೇಲಿಗೂಟದ ಬುಡಕ್ಕೆ, ಇಲ್ಲವೇ ತೋಡಿನ ಬದಿಗೆ ಹೊಯ್ಯುವವರಿದ್ದಾರೆ. ಸುಟ್ಟ ಆಯಿಲಿನಲ್ಲಿ ಇಂಜಿನ್ ಸವೆದ ಲೋಹವೂ ವಿಷವಸ್ತುಗಳೂ ಇರುತ್ತವೆ. 2016ರ ಕೇಂದ್ರ ನಿಯಮಗಳು ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಗಣಿಸಿವೆ. ಸಾವಯವದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಇದನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಮುಟ್ಟಿಸುವಷ್ಟು ಮಾಡಲೇಬೇಕು. ಅದು ಆಗದಿದ್ದರೆ ಆಯಿಲ್ ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡುವುದೇ ಬೇಡ.

ಕಂಪ್ಯೂಟರಿನ ಭಯ

‘ಈಗಿನ ಕಾರು ಪೂರ್ತಿ ಕಂಪ್ಯೂಟರು’ ಎನ್ನುತ್ತಾರೆ. ನಿಜ. 2020ರ ಏಪ್ರಿಲಿನಿಂದ ಬಿಎಸ್-6 ಬಂದ ಮೇಲೆ ಸೆನ್ಸರುಗಳು ಹೆಚ್ಚಿದವು. ಆದರೆ ಆ ಕಂಪ್ಯೂಟರು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಸ್ಟಿಯರಿಂಗಿನ ಕೆಳಗೆ ಒಂದು ಸಾಕೆಟ್ ಉಂಟು, ಹೆಸರು ಓಬಿಡಿ. ಅದಕ್ಕೆ ಸಿಕ್ಕಿಸುವ ಬೆಂಕಿಪೆಟ್ಟಿಗೆ ಗಾತ್ರದ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ಕೋಡ್ ಮೂಡುತ್ತದೆ. ಪಿ-0301 ಎಂದು ಬಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಕಾರಣ ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ – ಅದನ್ನು ಹುಡುಕಬೇಕು. ಕೋಡ್ ರೋಗದ ಲಕ್ಷಣ ಹೇಳುತ್ತದೆ, ಔಷಧಿ ಹೇಳುವುದಿಲ್ಲ. ಆದರೂ ‘ಏನೋ ಲೈಟ್ ಉರೀತಿದೆ’ ಎಂದು ಹೋಗುವವನಿಗೂ ‘ಒಂದನೇ ಸಿಲಿಂಡರ್ ಮಿಸ್ ಆಗ್ತಿದೆ’ ಎಂದು ಹೋಗುವವನಿಗೂ ಗ್ಯಾರೇಜಿನಲ್ಲಿ ಸಿಗುವ ಉತ್ತರ ಬೇರೆಯೇ.

ಹಕ್ಕಿನ ಪ್ರಶ್ನೆ

ನನಗೆ ಮುಖ್ಯವಾಗಿ ಹೇಳಬೇಕಾದ್ದು ಇಲ್ಲಿದೆ. ನಾವು ಕೈ ಹಾಕದಿರಲು ಅಂಜಿಕೆ ಒಂದೇ ಕಾರಣವಲ್ಲ. ಬಿಡಿಭಾಗ ಮತ್ತು ಮಾಹಿತಿ ಕಂಪನಿಯ ಕೋಟೆಯೊಳಗೇ ಉಳಿಯುವುದೂ ಕಾರಣ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಬಿಡಿಭಾಗ, ತಪಾಸಣೆ ಉಪಕರಣಗಳು ಹೊರಗಿನ ಗ್ಯಾರೇಜಿಗೂ ಸಿಗಬೇಕು. ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ಸಾರಾಸಗಟು ವಾರಂಟಿ ರದ್ದು ಎನ್ನಬಾರದು ಎಂದಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿ, ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಅದರಲ್ಲಿ ವಾಹನಗಳ ಜತೆಗೆ ಕೃಷಿ ಯಂತ್ರೋಪಕರಣವೂ ಸೇರಿದೆ. ಅಮೆರಿಕದ ಕೊಲರಾಡೊ ರಾಜ್ಯ ಇನ್ನೂ ಮುಂದೆ ಹೋಗಿ 2023ರಲ್ಲಿ ಕೃಷಿ ಯಂತ್ರಗಳಿಗೆಂದೇ ರಿಪೇರಿ ಹಕ್ಕಿನ ಕಾನೂನು ಮಾಡಿತು. 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ಅಲ್ಲಿ ಜಗಳ ಮಾಡಿದ್ದು ಟ್ರಾಕ್ಟರ್ ಬಿಚ್ಚಬಲ್ಲ ರೈತರು. ಬಾನೆಟ್ಟೇ ಎತ್ತದವರಿಗೆ ಹಕ್ಕು ಕೊಟ್ಟರೂ ಅದು ಕಾಗದದಲ್ಲೇ ಉಳಿದೀತು.

‘ನಮ್ಮ ಸಮಯಕ್ಕೂ ಬೆಲೆಯಿಲ್ವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಖಂಡಿತ ಇದೆ. ಹೂಳಿನಲ್ಲಿ ಕ್ಲಚ್ ಬಿಚ್ಚಲು ನಾನು ಹೇಳುತ್ತಿಲ್ಲ. ತಿಂಗಳಿಗೆ ಅರ್ಧ ಗಂಟೆಯ ಮಾತು. ಪೇಟೆಗೆ ಹೋಗಿ ಕಾದು ಕುಳಿತು ಬರುವ ಒಂದು ದಿನದ ಎದುರು ಅದು ಏನೂ ಅಲ್ಲ. ವಾರಂಟಿ ಇರುವಷ್ಟು ದಿನ ನೋಡುವುದು, ಒರೆಸುವುದು, ಗಾಳಿ ತುಂಬುವುದು ಸಾಕು, ಬಿಚ್ಚುವುದು ಬೇಡ.

‘ನಾವೇ ಮಾಡಿದರೆ ಊರಿನ ಗ್ಯಾರೇಜಿನವನ ಹೊಟ್ಟೆಯ ಗತಿ?’ ಎಂದೂ ಕೇಳುತ್ತಾರೆ. ಅವನ ಹೊಟ್ಟೆಗೆ ಹೊಡೆಯುತ್ತಿರುವುದು ನಾವು ಉಜ್ಜುವ ಟರ್ಮಿನಲ್ ಅಲ್ಲ, ಅವನ ಕೈಗೆ ಸಿಗದ ಬಿಡಿಭಾಗ ಮತ್ತು ಮಾಹಿತಿ. ಸಣ್ಣದ್ದು ನಾವು ಮಾಡಿ, ದೊಡ್ಡದ್ದನ್ನು ಅವನಿಗೆ ಕೊಟ್ಟು, ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದರೆ ಇಬ್ಬರೂ ಉಳಿದೇವು.

ಆಗಬೇಕಾದ್ದು ಇಷ್ಟು. ಕಾರಿನ ಜತೆ ಕೊಡುವ ಪುಸ್ತಕ ಕನ್ನಡದಲ್ಲಿ ಬೇಕೆಂದು ಶೋರೂಮಿನಲ್ಲೇ ಕೇಳೋಣ. ಕೊಡದಿದ್ದರೆ ಬರೆದು ಕೇಳೋಣ. ನಮ್ಮ ಸಹಕಾರಿ ಸಂಘಗಳು, ಯುವಕ ಮಂಡಲಗಳು ಕಸಿ ಕಟ್ಟುವ ತರಬೇತಿಯಂತೆ ವಾಹನ ನಿರ್ವಹಣೆಗೂ ಒಂದು ದಿನ ಇಡಲಿ. ಊರಿನ ಮೆಕ್ಯಾನಿಕನೇ ಮೇಷ್ಟ್ರಾಗಲಿ. ಮನೆಯ ಹೆಂಗಸರೂ, ಲೈಸೆನ್ಸ್ ಆದ ಮಕ್ಕಳೂ ಒಮ್ಮೆಯಾದರೂ ಅಂಗಳದಲ್ಲಿ ಚಕ್ರ ಬಿಚ್ಚಿ ಹಾಕಿ ಕಲಿಯಲಿ. ಗಾಡಿ ಓಡಿಸುವವರೆಲ್ಲ ಅವರೂ ಅಲ್ವೇ?

ಓದುಗರಲ್ಲಿ ಈಗಾಗಲೇ ಕೈ ಕಪ್ಪು ಮಾಡಿಕೊಂಡವರು ಬಹಳ ಮಂದಿ ಇದ್ದೀರಿ. ಇಲಿ ಓಡಿಸಿದ ಉಪಾಯ, ತುಕ್ಕು ತಡೆದ ಕ್ರಮ, ಮಳೆಗಾಲದ ಎಚ್ಚರಿಕೆ – ಏನಿದ್ದರೂ ಪತ್ರಿಕೆಗೆ ಬರೆಯಿರಿ. ಒಬ್ಬರ ಅಂಗಳದಲ್ಲಿ ಗೊತ್ತಾದದ್ದು ಇನ್ನೊಬ್ಬರ ಘಾಟಿಯಲ್ಲಿ ಉಪಯೋಗಕ್ಕೆ ಬಂದೀತು.