ದುಡಿಯುವ ಕೈ, ಉಣ್ಣುವ ಬಾಯಿ

ಸುರಪುರ, ಕೆಂಭಾವಿ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳಲ್ಲಿ ಎರಡು ಬಗೆಯ ಕುಟುಂಬಗಳು ಕೂತಿರುತ್ತವೆ. ಒಂದರ ಸಾಮಾನು ಸೀಟಿನ ಕೆಳಗೆ ಹಿಡಿಸುವುದಿಲ್ಲ. ಜೋಳದ ಹಿಟ್ಟಿನ ಚೀಲ, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಸುತ್ತಿ ಕಟ್ಟಿದ ಹಾಸಿಗೆ. ಇವರು ಕಟ್ಟಡ ಕೆಲಸಕ್ಕೆ ಗುಳೆ ಹೊರಟವರು. ಇನ್ನೊಂದು ಕುಟುಂಬ ಹಬ್ಬಕ್ಕೆ ಊರಿಗೆ ಬಂದು ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಮರಳುತ್ತಿರುತ್ತದೆ. ರೊಟ್ಟಿಯ ಗಂಟು ಅವರ ಹತ್ತಿರವೂ ಇರುತ್ತದೆ. ಜೊತೆಗೆ ಲ್ಯಾಪ್‌ಟಾಪ್ ಚೀಲ.

ಗುಳೆ ಹೋಗುವವರು ಊರು ಬಿಡುವ ಮೊದಲು ಒಂದು ಲೆಕ್ಕ ಹಾಕುತ್ತಾರೆ: ದುಡಿಯುವ ಕೈ ಎಷ್ಟು, ಉಣ್ಣುವ ಬಾಯಿ ಎಷ್ಟು? ಗಂಡ ಗಾರೆ ಕೆಲಸಕ್ಕೆ ನಿಂತರೆ ಹೆಂಡತಿ ಇಟ್ಟಿಗೆ ಹೊರುತ್ತಾಳೆ. ಇಬ್ಬರ ಪಗಾರ ಬಂದರೆ ಮಾತ್ರ ನಗರದ ಶೆಡ್ಡಿನ ಬದುಕು ಗಿಟ್ಟುತ್ತದೆ. ಶಾಲೆಗೆ ಹೋಗುವ ಮಗುವನ್ನು ಮುತ್ಯಾ, ಆಯಿ ಹತ್ತಿರ ಬಿಡುವುದೋ, ಕಟ್ಟಿಕೊಂಡು ಹೋಗುವುದೋ? ಎತ್ತು ಯಾರು ನೋಡಿಕೊಳ್ಳಬೇಕು, ಹೊಲ ಯಾರಿಗೆ ಪಾಲಿಗೆ ಹಾಕಬೇಕು? ಇಷ್ಟೆಲ್ಲ ಇತ್ಯರ್ಥವಾದ ಮೇಲೆಯೇ ಬಸ್ಸು. ಹಾಗಂತ ಗುಳೆಯ ಬದುಕು ಸುಖದ್ದೇನಲ್ಲ. ನಡುವೆ ಶಾಲೆ ಬಿಟ್ಟ ಮಕ್ಕಳನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಆದರೂ ಲೆಕ್ಕ ಮಾತ್ರ ಇಡೀ ಮನೆಯದು.

ಲ್ಯಾಪ್‌ಟಾಪ್ ಚೀಲದ ಕುಟುಂಬ ಮುಂದೆ ಅಮೆರಿಕಕ್ಕೋ ಸಿಂಗಪುರಕ್ಕೋ ಹೊರಟಾಗ ಇದೇ ಲೆಕ್ಕ ತಪ್ಪುತ್ತದೆ. ಆಫರ್ ಪತ್ರದಲ್ಲಿರುವುದು ಒಬ್ಬರ ಸಂಬಳ, ವಿಮಾನ ಹತ್ತುವುದು ನಾಲ್ಕು ಜನ. ಊರಿನಲ್ಲಿ ಹಿಂದೆ ಉಳಿಯುವ ಅಪ್ಪ, ಅವ್ವ ಯಾವ ಕಾಗದದಲ್ಲೂ ಇರುವುದಿಲ್ಲ.

2011ರ ಜನಗಣತಿಯಲ್ಲಿ ಸುರಪುರ, ಕೆಂಭಾವಿ ಇರುವ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಇಡೀ ರಾಜ್ಯದಲ್ಲೇ ಕೊನೆಯ ಸ್ಥಾನ. ಅಂಥ ಜಿಲ್ಲೆಯಿಂದಲೂ ಎಂಜಿನಿಯರುಗಳು ಬಂದರು. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಷ್ಟು ಹಳೆಯದು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳನ್ನು ಇಲ್ಲಿನ ಮಕ್ಕಳಿಗೆ ಮೀಸಲಿಟ್ಟಿತು. ಆ ಸೀಟಿನಲ್ಲಿ ಓದಿ ಬೆಂಗಳೂರು ಸೇರಿದವರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಮದುವೆಯಾಗಿದೆ, ಚಿಕ್ಕ ಮಕ್ಕಳಿವೆ. ‘ಆನ್‌ಸೈಟ್’ ಕರೆ ಬರುವುದೂ ಇದೇ ವಯಸ್ಸಿನಲ್ಲಿ.

ಒಂದು ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನಲ್ಲಿ ಗಂಡ, ಹೆಂಡತಿ ಇಬ್ಬರೂ ಕೆಲಸದಲ್ಲಿದ್ದಾರೆ. ಮಕ್ಕಳಿಗೆ ಏಳು ಮತ್ತು ಎರಡು ವರ್ಷ. ಗಂಡನಿಗೆ ಕ್ಯಾಲಿಫೋರ್ನಿಯಾದ ಸ್ಯಾನ್‌ಹೊಸೆ ಸುತ್ತಲಿನ ಕಂಪನಿಯೊಂದರಲ್ಲಿ ವರ್ಷಕ್ಕೆ 1,50,000 ಡಾಲರ್ ಸಂಬಳ. ರೂಪಾಯಿಗೆ ತಿರುಗಿಸಿದರೆ ಸುಮಾರು 1.3 ಕೋಟಿ. ಊರಿನಲ್ಲಿ ಈ ಸಂಖ್ಯೆ ಹೇಳಿದರೆ ಕೇಳಿದವರು ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಕೇಳಬೇಕಾದ್ದು ಅಲ್ಲೇ. ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ, ಸೋಷಿಯಲ್ ಸೆಕ್ಯುರಿಟಿ, ಕುಟುಂಬದ ಆರೋಗ್ಯ ವಿಮೆಯ ಪಾಲು ಎಲ್ಲ ಹೋಗಿ ಕೈಗೆ ಬರುವುದು ತಿಂಗಳಿಗೆ ಹೆಚ್ಚೂಕಡಿಮೆ 9,000 ಡಾಲರ್. ಸನಿವೇಲ್, ಸಾಂಟಾ ಕ್ಲಾರಾ ಭಾಗದಲ್ಲಿ ಎರಡು ಕೋಣೆಯ ಮನೆಗೆ 3,500 ಡಾಲರ್ ಬಾಡಿಗೆ ಎಂದರೆ ದುಬಾರಿಯೇನೂ ಅಲ್ಲ. ಚಿಕ್ಕ ಮಗುವನ್ನು ಇಡೀ ದಿನ ಡೇಕೇರ್‌ನಲ್ಲಿ ಬಿಟ್ಟರೆ 2,000 ಡಾಲರ್ ದಾಟುತ್ತದೆ. ಕಾರಿನ ಕಂತು, ಅದರ ವಿಮೆ, ಪೆಟ್ರೋಲು, ದಿನಸಿ, ಕರೆಂಟು, ಫೋನು ಸೇರಿಸಿದರೆ ಉಳಿದದ್ದರಲ್ಲಿ ಬಹುಪಾಲು ಖಾಲಿ. ವರ್ಷಕ್ಕೊಮ್ಮೆ ನಾಲ್ಕು ಜನ ಊರಿಗೆ ಬಂದು ಹೋಗುವ ಟಿಕೆಟ್ಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ದೊಡ್ಡ ಮಗುವಿಗೆ ಸರ್ಕಾರಿ ಶಾಲೆ ಉಚಿತ ಎಂಬುದೊಂದೇ ನಿರಾಳ.

ಇದು ಸೋಮಾರಿಯ ದೂರಲ್ಲ. ಕೈ ತುಂಬ ಸಂಬಳ ಪಡೆಯುವವರೂ ಕಡಿಮೆ ಆದಾಯದವರ ಪಟ್ಟಿಗೆ ಬೀಳುವ ಪ್ರದೇಶ ಅದು. 2018ರಲ್ಲಿ ಅಮೆರಿಕ ಸರ್ಕಾರದ ವಸತಿ ಇಲಾಖೆ ಅಲ್ಲೇ ಹತ್ತಿರದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವರ್ಷಕ್ಕೆ 1,17,400 ಡಾಲರ್ ದುಡಿಯುವ ನಾಲ್ವರ ಕುಟುಂಬವನ್ನು ‘ಕಡಿಮೆ ಆದಾಯ’ದ ಗುಂಪಿಗೆ ಸೇರಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಹುಬ್ಬೇರಿಸಿದ್ದವು. ಆ ಮಿತಿ ಆಮೇಲೆ ಇಳಿದಿಲ್ಲ, ಏರಿದೆ.

ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಕೈ ಎರಡು. ಅಲ್ಲಿ ಒಂದೇ. ಎಚ್‌-1ಬಿ ಎಂಬ ಕೆಲಸದ ವೀಸಾದವರ ಹೆಂಡತಿಗೋ ಗಂಡನಿಗೋ ಸಿಗುವುದು ಅವಲಂಬಿತರ ಎಚ್‌-4. ಅದರಲ್ಲಿ ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ; ಆದರೆ ಕಂಪನಿ ಕಾಯಂ ವಾಸದ ಗ್ರೀನ್‌ಕಾರ್ಡಿಗೆ ಹಾಕಿದ ಅರ್ಜಿ ಒಂದು ಹಂತ ದಾಟಿದ ಮೇಲೆ. ಅಲ್ಲಿಗೆ ತಲುಪಲು ಎರಡು ಮೂರು ವರ್ಷ ಹಿಡಿಯುತ್ತದೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವಳು, ಕಂಪನಿಯಲ್ಲಿ ತಂಡ ನಡೆಸುತ್ತಿದ್ದವಳು ಅಷ್ಟು ದಿನ ಮನೆಯಲ್ಲಿ ಕೂರಬೇಕು. ಆಮೇಲೆ ಕೆಲಸ ಹುಡುಕಿದರೆ ‘ನಡುವೆ ಇಷ್ಟು ವರ್ಷ ಏನು ಮಾಡಿದಿರಿ’ ಎಂಬ ಪ್ರಶ್ನೆ. ಗಂಡನ ಸಂಬಳ ಹೆಚ್ಚಿತೆಂದು ಸಂಭ್ರಮಿಸುವ ಬಂಧುಗಳಲ್ಲಿ ಹೆಂಡತಿಯ ಸಂಬಳ ಸೊನ್ನೆಯಾದದ್ದನ್ನು ಕಳೆದು ನೋಡುವವರು ಎಷ್ಟು ಜನ?

ಗ್ರೀನ್‌ಕಾರ್ಡ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಸರದಿ ನೋಡಬೇಕು. ಉದ್ಯೋಗದ ಮೇಲೆ ಕೊಡುವ ಗ್ರೀನ್‌ಕಾರ್ಡುಗಳಲ್ಲಿ ಒಂದೇ ದೇಶದವರಿಗೆ ಶೇ 7ರ ಮಿತಿಯಿದೆ. ಭಾರತೀಯರ ಸಾಲು ಎಷ್ಟು ಉದ್ದವೆಂದರೆ 2025ರಲ್ಲೂ ಇಬಿ-2 ವರ್ಗದಲ್ಲಿ 2013ರ ಸುಮಾರಿನ ಅರ್ಜಿಗಳೇ ಮೇಜಿನ ಮೇಲಿದ್ದವು. ಈ ನಡುವೆ ಮಗುವಿಗೆ 21 ತುಂಬಿದರೆ ಅದು ಅಪ್ಪನ ವೀಸಾದ ನೆರಳಿನಿಂದ ಹೊರಬೀಳುತ್ತದೆ. ಏಳು ವರ್ಷಕ್ಕೆ ಹೋಗಿ ಅಲ್ಲೇ ಶಾಲೆ, ಹೈಸ್ಕೂಲು ಮುಗಿಸಿದ ಮಗು ಕಾಲೇಜಿನ ನಡುವೆ ವಿದೇಶಿ ವಿದ್ಯಾರ್ಥಿಯಾಗಿ ಹೊಸ ವೀಸಾ ಕೇಳಬೇಕು.

ಕೆಲಸ ಹೋದರೆ? 60 ದಿನಗಳಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ದೇಶ ಬಿಡಬೇಕು. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ಕೈಬಿಡುವುದಾಗಿ ಪ್ರಕಟಿಸಿದಾಗ ಅದರಲ್ಲಿ ಸಿಕ್ಕಿಬಿದ್ದ ವೀಸಾದವರಿಗೆಲ್ಲ ಈ ಗಡಿಯಾರ ಓಡತೊಡಗಿತ್ತು. ಒಂಟಿಯಾಗಿದ್ದವನು ಸೂಟ್‌ಕೇಸ್ ಕಟ್ಟಿ ಹೊರಡಬಲ್ಲ. ಬಾಡಿಗೆ ಕರಾರು, ಕಾರಿನ ಸಾಲ, ಶಾಲೆಯ ಅರ್ಧ ವರ್ಷ ಇಟ್ಟುಕೊಂಡ ಕುಟುಂಬಕ್ಕೆ ಎರಡು ತಿಂಗಳು ಏನೇನೂ ಸಾಲದು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕದ ಘೋಷಣೆ ಹೊರಬಿದ್ದಾಗ, ಊರಿಗೆ ಬಂದಿದ್ದ ಎಷ್ಟೋ ಜನ ಆದೇಶದ ಅರ್ಥ ಸ್ಪಷ್ಟವಾಗುವ ಮೊದಲೇ ದುಬಾರಿ ಟಿಕೆಟ್ ಕೊಂಡು ಮರಳಿ ಹಾರಿದರು.

ಹಾಗಾದರೆ ಹೋಗಲೇಬಾರದೆ? ಆ ಮಾತು ಈ ನಾಡಿಗೆ ಒಪ್ಪುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಎಷ್ಟೋ ರೈತ ಕುಟುಂಬಗಳು ಇದೇ ಸೀಮೆಗೆ ಬಂದು, ಹೊಲ ಹಿಡಿದು, ‘ಕ್ಯಾಂಪ್’ ಕಟ್ಟಿಕೊಂಡು ಭತ್ತ ಬೆಳೆದವು. ಊರು ಬಿಟ್ಟವರನ್ನೂ ಊರಿಗೆ ಬಂದವರನ್ನೂ ಇಲ್ಲಿನ ಜನ ಕಂಡಿದ್ದಾರೆ. ಹೋಗುವುದು ತಪ್ಪಲ್ಲ; ಆದರೆ ಯಾವ ದೇಶ, ಯಾವ ವೀಸಾ, ಮಕ್ಕಳ ಯಾವ ವಯಸ್ಸಿನಲ್ಲಿ ಎಂಬುದನ್ನು ಕೈ–ಬಾಯಿಯ ಲೆಕ್ಕದಲ್ಲಿ ಇಟ್ಟು ನೋಡಬೇಕು.

ದೇಶದಿಂದ ದೇಶಕ್ಕೆ ಈ ಲೆಕ್ಕ ಬದಲಾಗುತ್ತದೆ. ಅಮೆರಿಕಕ್ಕೇ ಹೋಗುವುದಾದರೂ ಬೆಂಗಳೂರಿನ ಕಚೇರಿಯಿಂದ ಅದೇ ಕಂಪನಿಯ ಅಲ್ಲಿನ ಕಚೇರಿಗೆ ಎಲ್‌-1 ವೀಸಾದಲ್ಲಿ ಹೋದರೆ, 2021ರ ನವೆಂಬರಿನಿಂದ ಸಂಗಾತಿ ಬೇರೆ ಪರವಾನಗಿ ಇಲ್ಲದೆಯೇ ದುಡಿಯಬಹುದು. ಜರ್ಮನಿಯ ಬ್ಲೂ ಕಾರ್ಡ್‌ನಲ್ಲಿ, ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯಲ್ಲಿ ಹೋದವರ ಸಂಗಾತಿಗೂ ಕೆಲಸಕ್ಕೆ ಅಡ್ಡಿಯಿಲ್ಲ. ಡಬ್ಲಿನ್‌ನಲ್ಲಿ ಮಾತ್ರ ಬಾಡಿಗೆ ಮನೆ ಸಿಗುವುದೇ ದೊಡ್ಡ ಕಷ್ಟ. ಬ್ರಿಟನ್ನಿನಲ್ಲೂ ಇಬ್ಬರೂ ದುಡಿಯಬಹುದು. ಅಲ್ಲಿ ಪೆಟ್ಟು ಬೀಳುವುದು ಹೊರಡುವ ಮುನ್ನ: 2024ರ ಫೆಬ್ರುವರಿಯಿಂದ ಆರೋಗ್ಯ ಸೇವೆಯ ಶುಲ್ಕ ವರ್ಷಕ್ಕೆ ದೊಡ್ಡವರಿಗೆ ತಲಾ 1,035 ಪೌಂಡ್, ಮಕ್ಕಳಿಗೆ 776. ನಾಲ್ವರಿಗೆ ಐದು ವರ್ಷದ ವೀಸಾ ಎಂದರೆ 18,110 ಪೌಂಡ್, ಅಂದರೆ ಸುಮಾರು 20 ಲಕ್ಷ ರೂಪಾಯಿ, ಒಂದೇ ಕಂತಿನಲ್ಲಿ. ಕಂಪನಿ ಯಾರ ಯಾರ ಶುಲ್ಕ ಕಟ್ಟುತ್ತದೆ ಎಂದು ಆಫರ್ ಒಪ್ಪುವ ಮೊದಲೇ ಬರಹದಲ್ಲಿ ಕೇಳಬೇಕು. ಸಿಂಗಪುರದಲ್ಲಿ 2021ರ ಮೇ ತಿಂಗಳಿಂದ ಅವಲಂಬಿತರ ಪಾಸ್‌ನಲ್ಲಿರುವ ಬಹುತೇಕರು ದುಡಿಯಬೇಕಾದರೆ ಸ್ವಂತ ಕೆಲಸದ ಪಾಸ್ ಪಡೆಯಬೇಕು. ತಂದೆ–ತಾಯಿಯನ್ನು ಕರೆಸಿ ಇಟ್ಟುಕೊಳ್ಳಬೇಕಾದರೆ ತಿಂಗಳ ಸಂಬಳ ಕನಿಷ್ಠ 12,000 ಸಿಂಗಪುರ ಡಾಲರ್ ಇರಬೇಕು.

ಊರು ಬಿಟ್ಟವರ ಕಥೆಗಳಲ್ಲಿ ಈ ಸೀಮೆಗೆ ಎಲ್ಲಕ್ಕಿಂತ ಪರಿಚಿತವಾದದ್ದು ಶಿವಶರಣ ಕೆಂಭಾವಿ ಭೋಗಣ್ಣನದು. ಕವಿ ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. ಅಸ್ಪೃಶ್ಯನ ವೇಷದಲ್ಲಿ ಬಂದ ಶಿವನನ್ನು ಮನೆಯೊಳಗೆ ಬರಮಾಡಿಕೊಂಡ ತಪ್ಪಿಗೆ ಅವನನ್ನು ಊರಿನಿಂದ ಹೊರಹಾಕಿದರಂತೆ. ಅವನು ಹೊರಟದ್ದೇ ತಡ, ಊರಿನ ಲಿಂಗಗಳೆಲ್ಲ ಅವನ ಬೆನ್ನು ಹತ್ತಿ ಹೊರಟವಂತೆ. ಕೊನೆಗೆ ಊರವರೇ ಬೇಡಿಕೊಂಡು ಅವನನ್ನು ಮರಳಿ ಕರೆತಂದರು. ಈಗಿನವರ ಬೆನ್ನ ಹಿಂದೆ ಯಾರು ಬರಬಹುದೆಂದು ಅಮೆರಿಕದ ವೀಸಾ ಮೊದಲೇ ಪಟ್ಟಿ ಮಾಡಿರುತ್ತದೆ: ಸಂಗಾತಿ ಮತ್ತು 21ರೊಳಗಿನ ಮಕ್ಕಳು. ಅಪ್ಪ, ಅವ್ವ ಆ ಪಟ್ಟಿಯಲ್ಲಿಲ್ಲ. ಅವರು ಪ್ರವಾಸಿ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಪ್ರವಾಸಿ ವಿಮೆಯಂತೂ ಹಳೆಯ ಬಿಪಿ, ಶುಗರ್ ಕಾಯಿಲೆಗಳ ಮುಂದೆ ಹಿಂದೇಟು ಹಾಕುತ್ತದೆ.

ಕೆಂಭಾವಿಯ ಮನೆಯಲ್ಲಿ ಉಳಿದ ಹಿರಿಯರಿಗೆ ರಾತ್ರಿ ಎದೆನೋವು ಬಂದರೆ ಹೃದ್ರೋಗದ ದೊಡ್ಡ ಆಸ್ಪತ್ರೆ ಇರುವುದು ನೂರು ಕಿಲೋಮೀಟರ್ ಆಚೀಚೆ ದೂರದ ಕಲಬುರಗಿಯಲ್ಲಿ. ಮಗ ಬೆಂಗಳೂರಿನಲ್ಲಿದ್ದರೆ ಫೋನಿನಲ್ಲಿ ಮಾತಾಡುತ್ತಲೇ ಗಾಡಿ ಹತ್ತಿ ಬೆಳಗಿಗೆ ಬಂದು ನಿಲ್ಲುತ್ತಾನೆ. ಸ್ಯಾನ್‌ಹೊಸೆಯಿಂದ ಹೊರಟರೆ ಎರಡು ದಿನ ಬೇಕು. ವೀಸಾ ಸ್ಟ್ಯಾಂಪಿಂಗ್ ಬಾಕಿ ಇದ್ದರೆ ಬಂದವನು ಮರಳಿ ಹೋಗುವ ಖಾತ್ರಿಯೂ ಇಲ್ಲ. ಹಾಗಾಗಿ ಹೊರಡುವ ಮೊದಲು ಆಗಬೇಕಾದ ಕೆಲಸಗಳು ಊರಿನಲ್ಲೇ ಇವೆ. ಅಪ್ಪ–ಅವ್ವನ ಆರೋಗ್ಯ ವಿಮೆ ಮಾಡಿಸಬೇಕು. ಆಸ್ಪತ್ರೆಗೆ ಕರೆದೊಯ್ಯುವ ಹತ್ತಿರದವರೊಬ್ಬರನ್ನು ಗೊತ್ತು ಮಾಡಿ, ಅವರ ಕೈಯಲ್ಲಿ ತುರ್ತಿಗೆ ಹಣ ಇರುವಂತೆ ನೋಡಿಕೊಳ್ಳಬೇಕು. ಹೊಲದ ಪಹಣಿ ಸರಿಯಿದೆಯೇ, ಅಣ್ಣತಮ್ಮಂದಿರ ಪಾಲು ಆಗಿದೆಯೇ ಎಂದು ನೋಡಬೇಕು. ಅನಿವಾಸಿಯಾದ ಮೇಲೆ ವಿದೇಶಿ ವಿನಿಮಯದ ಫೆಮಾ ನಿಯಮದಂತೆ ಕೃಷಿ ಭೂಮಿ ಕೊಳ್ಳಲು ಬರುವುದಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಇದು ಗೊತ್ತಿಲ್ಲದೆ ‘ಅಮೆರಿಕದ ದುಡ್ಡು ಬರಲಿ, ಪಕ್ಕದ ನಾಲ್ಕು ಎಕರೆ ಹಿಡಿಯೋಣು’ ಎನ್ನುವ ಮನೆಗಳು ಎಷ್ಟೋ. ಬ್ಯಾಂಕಿನ ಉಳಿತಾಯ ಖಾತೆಯನ್ನೂ ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು.

ಮಕ್ಕಳ ಕನ್ನಡದ ಬಗ್ಗೆ ಅಷ್ಟು ಚಿಂತೆ ಬೇಡ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2014ರಲ್ಲಿ ಸ್ಯಾನ್‌ಹೊಸೆಯಲ್ಲೇ ನಡೆದಿತ್ತು. ವಾರಾಂತ್ಯದ ಕನ್ನಡ ತರಗತಿಗಳು ಅಲ್ಲಿ ಸಾಕಷ್ಟಿವೆ. ಬೇಸಿಗೆಯಲ್ಲಿ ಕೆಂಭಾವಿಯ ಬೆಳಗಿನ ಏಳು ಗಂಟೆಗೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಆಯಿ ಚಹಾ ಕುಡಿಯುವ ಹೊತ್ತು, ಮೊಮ್ಮಗ ಶಾಲೆಯಿಂದ ಬಂದು ಆಟ ಮುಗಿಸಿದ ಹೊತ್ತು. ಅರ್ಧ ಗಂಟೆ ವಿಡಿಯೊ ಕರೆಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಇಷ್ಟನ್ನೂ ಒಬ್ಬೊಬ್ಬರೇ ಬಿದ್ದು ಎದ್ದು ಕಲಿಯಬೇಕೆಂದೇನಿಲ್ಲ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆ ತೆರೆಯಿತು. ಅದರ ಅಂಗವಾದ ನೋರ್ಕಾ ರೂಟ್ಸ್ ಹೊರಡುವ ಮೊದಲೇ ಜನರನ್ನು ಕೂರಿಸಿ ತಿಳಿವಳಿಕೆ ಕೊಡುತ್ತದೆ. ಕರ್ನಾಟಕದಲ್ಲೂ ಅನಿವಾಸಿ ಭಾರತೀಯರ ಸಮಿತಿ ಇದೆ; ಆದರೆ ಅದರ ನೆರಳು ಬೆಂಗಳೂರು ದಾಟಿ ಕೃಷ್ಣೆಯ ಈ ದಡಕ್ಕೆ ಬೀಳುವುದು ಅಪರೂಪ. ಕಲಬುರಗಿಯ ಪ್ರಾದೇಶಿಕ ಆಯುಕ್ತರ ಕಚೇರಿಯಲ್ಲಿ ಒಂದು ಕೌಂಟರ್, ತಿಂಗಳಿಗೊಮ್ಮೆ ಯಾದಗಿರಿಯಲ್ಲಿ ಒಂದು ಶಿಬಿರ ಸಾಕು. ವೀಸಾದ ಷರತ್ತು, ತೆರಿಗೆ, ಪಹಣಿ, ಹಿರಿಯರ ವಿಮೆ ಎಲ್ಲ ಒಂದೇ ಕಡೆ ತಿಳಿಯಬೇಕು, ಗಂಡ–ಹೆಂಡತಿ ಇಬ್ಬರನ್ನೂ ಕೂರಿಸಿ ತಿಳಿಸಬೇಕು. ಅದೇ ಕೌಂಟರಿನಲ್ಲಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವವರ ಹೆಸರೂ ದಾಖಲಾಗಲಿ. ಕಾರ್ಮಿಕ ಕಾರ್ಡು, ಹೋದಲ್ಲಿ ಪಡಿತರ, ಊರಲ್ಲಿ ಉಳಿದ ಮಕ್ಕಳಿಗೆ ವಸತಿ ಶಾಲೆಯ ಸೀಟು ಅವರಿಗೂ ಅಷ್ಟೇ ಬೇಕು. ವಿದೇಶಕ್ಕೆ ಹೊರಟವನಿಗೆ ಹಾರ, ಗುಳೆ ಹೊರಟವನಿಗೆ ‘ಯಾಕೆ ಹೊಂಟಿ’ ಎಂಬ ಗದರಿಕೆ ಎಂಬ ಭೇದವನ್ನು ಸರ್ಕಾರ ಮೊದಲು ತನ್ನ ಕಡತಗಳಿಂದ ತೆಗೆಯಲಿ.