ಸಂಜೆಯ ಚಿತ್ರ: ತಿದ್ದಿಕೊಳ್ಳಬೇಕೋ, ಮತ್ತೆ ಹೋಗಿ ತೆಗೆಯಬೇಕೋ?

ಚರ್ಚೆಯ ವಿಷಯ: ಹವ್ಯಾಸಿಯೊಬ್ಬರು ತಾವು ತೆಗೆದ ಸಂಜೆಯ ಚಿತ್ರ ತೋರಿಸಿ ಸಲಹೆ ಕೇಳಿದಾಗ, ಅವರಿಗೆ ಮೊದಲು ಹೇಳಿಕೊಡಬೇಕಾದ್ದು ಚಿತ್ರ ತಿದ್ದುವ ಕೆಲಸ.

ಪಾಣೆಮಂಗಳೂರಿನ ಹಳೆ ಸೇತುವೆಯಿಂದ ಕಾಣುವ ನೇತ್ರಾವತಿ, ಬಂಟ್ವಾಳ ತಾಲೂಕಿನ ಕಾರಿಂಜ ಬೆಟ್ಟ, ಬೆಳ್ತಂಗಡಿಯ ಗಡಾಯಿಕಲ್ಲು, ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಈ ಊರುಗಳ ಸುತ್ತ ಕ್ಯಾಮೆರಾ ಹಿಡಿದವರಿಗೆ ಸಂಜೆಯ ನೋಟಗಳಿಗೆ ಬರವಿಲ್ಲ. ತೆಗೆದದ್ದನ್ನು ಬಲ್ಲವರ ಮುಂದೆ ಹಿಡಿದರೆ ಸಲಹೆ ಎರಡು ದಾರಿ ಹಿಡಿಯುತ್ತದೆ. ಆಕಾಶದ ಬೆಳಕು ಇಳಿಸು, ಕೆಳಗಿನ ಕತ್ತಲನ್ನು ಸ್ವಲ್ಪ ಎತ್ತು, ಬಲಗಡೆ ಕ್ರಾಪ್ ಮಾಡು ಎನ್ನುವವರು ಕೆಲವರು. ನಾಳೆ ಅರ್ಧ ಗಂಟೆ ಮೊದಲೇ ಹೋಗು, ನಾಲ್ಕು ಹೆಜ್ಜೆ ಎಡಕ್ಕೆ ನಿಲ್ಲು ಎನ್ನುವವರು ಕೆಲವರು. ಎರಡೂ ಕಡೆಯ ವಾದ ಇಲ್ಲಿದೆ.

ಪರ
ತಿದ್ದುತ್ತಾ ಹೋದಂತೆ ನೋಡಲು ಬರುತ್ತದೆ

ತಿದ್ದದ ಚಿತ್ರವೇ ನಿಜವಾದ ಚಿತ್ರ ಎಂಬ ನಂಬಿಕೆಯನ್ನು ಮೊದಲು ಬಿಡೋಣ. ಫೋನಿನ ಗುಂಡಿ ಒತ್ತಿದೊಡನೆ ತಿದ್ದುಪಡಿ ನಡೆದುಹೋಗಿರುತ್ತದೆ. ಈಗಿನ ಫೋನ್‌ಗಳು ಬೆನ್ನುಬೆನ್ನಿಗೆ ಹಲವು ಫ್ರೇಮ್ ತೆಗೆದು ಒಂದಾಗಿ ಹೆಣೆಯುತ್ತವೆ. ಎದುರಿಗಿರುವುದು ಮುಸ್ಸಂಜೆಯೋ ಮಟಮಟ ಮಧ್ಯಾಹ್ನವೋ ಎಂಬುದು ಕ್ಯಾಮೆರಾದ ಮೀಟರ್‌ಗೆ ತಿಳಿಯದು. ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಲೆಕ್ಕ, ಹಾಗಾಗಿ ಮಬ್ಬುಗತ್ತಲನ್ನು ಬೆಳಗಿಸಿಬಿಡುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಇಳಿಬಿಸಿಲಿನ ಹೊಂಬಣ್ಣವನ್ನು ದೋಷವೆಂದು ಬಗೆದು ತಗ್ಗಿಸುತ್ತದೆ. ನಾವು ಕಂಡ ಸಂಜೆಗೂ ಫೈಲಿನಲ್ಲಿ ಉಳಿದ ಸಂಜೆಗೂ ನಡುವೆ ಹೀಗೊಂದು ಅಂತರ ಬಿದ್ದಿರುತ್ತದೆ. ಅದನ್ನು ತುಂಬಿಕೊಡುವುದು ಪ್ರಾಮಾಣಿಕ ಕೆಲಸ.

ಇದು ಫೋನು ಬಂದಮೇಲೆ ಹುಟ್ಟಿದ ಚಟವೂ ಅಲ್ಲ. ನಮ್ಮ ಹಳೆಯ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮರೆಸುವುದು ಕಸುಬಿನ ಭಾಗವೇ ಆಗಿತ್ತು. ಜಗತ್ತಿನ ಅತಿ ಹೆಸರಾದ ಸಂಜೆಯ ಚಿತ್ರಗಳಲ್ಲಿ ಒಂದು ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಜ್’. ಆ ಚಿತ್ರದಲ್ಲಿ ಕಾಣುವ ಸಮಾಧಿಗಳ ಶಿಲುಬೆಗಳ ಮೇಲಿದ್ದ ಬಿಸಿಲು ಮಾಯವಾಗುವ ಮೊದಲು ಅವರಿಗೆ ಸಿಕ್ಕಿದ್ದು ಒಂದೇ ನೆಗೆಟಿವ್. ಆ ಒಂದರಿಂದಲೇ ವರ್ಷಗಳ ಕಾಲ ಪ್ರಿಂಟ್ ತೆಗೆಯುತ್ತಾ ಆಕಾಶವನ್ನು ಇನ್ನಷ್ಟು ಇನ್ನಷ್ಟು ಕಪ್ಪಾಗಿಸಿದರು. ನಾವಿಂದು ಮೆಚ್ಚುವ ಆ ಗಂಭೀರ ಆಕಾಶ ಡಾರ್ಕ್‌ರೂಮಿನಲ್ಲಿ ರೂಪುಗೊಂಡದ್ದು.

ಮತ್ತೆ ಹೋಗಿ ತೆಗೆ ಎನ್ನುವುದು ಸುಲಭ. ಆದರೆ ಕಂಬಳದ ಕರೆಯಲ್ಲಿ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯಲ್ಲಿ, ಒಮ್ಮೆ ಮುಗಿದ ಓಟ ಮತ್ತೆ ಬರುವುದಿಲ್ಲ. ವೇಣೂರು–ಪೆರ್ಮುಡದ ಸೂರ್ಯ-ಚಂದ್ರ ಕಂಬಳವಿರಲಿ, ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳವಿರಲಿ, ಹೊತ್ತು ಮುಳುಗುವಾಗ ಸಿಕ್ಕಿದ ಒಂದು ಕ್ಷಣಕ್ಕೆ ವರ್ಷವಿಡೀ ಕಾಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯಾಸ್ತ ಕಣ್ಣಿಗೆ ಬೀಳುವ ದಿನಗಳೇ ಕಡಿಮೆ. ಐದೂವರೆಗೆ ಕೆಲಸ ಬಿಟ್ಟು ಬಸ್ಸು ಹಿಡಿಯುವವರಿಗೆ ದಿನದಿನವೂ ನದಿಯ ಬದಿಗೆ ಹೋಗಲು ಪುರುಸೊತ್ತೂ ಇರುವುದಿಲ್ಲ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮುಂದೆ ನಿಂತು ಕ್ಯಾಮೆರಾ ಮೇಲೆತ್ತಿದರೆ ಮಾನಸ್ತಂಭ ಹಿಂದಕ್ಕೆ ವಾಲಿದಂತೆ ಬೀಳುತ್ತದೆ. ಬೇಕಾದಷ್ಟು ಹಿಂದೆ ಸರಿಯಲು ಎಲ್ಲೆಡೆ ಜಾಗವಿರುವುದಿಲ್ಲ. ಆ ವಾಲುವಿಕೆಯನ್ನು ನೇರ ಮಾಡಿದರೆ ಸ್ತಂಭ ಅಲ್ಲಿ ನಿಂತಿರುವ ಹಾಗೆಯೇ ಚಿತ್ರದಲ್ಲಿಯೂ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಫ್ರೇಮ್ ಕಟ್ಟುವುದನ್ನು ಕಲಿಯಲು ಕ್ರಾಪ್‌ಗಿಂತ ಒಳ್ಳೆಯ ಪಾಠ ಹೊಸಬರಿಗೆ ಸಿಗಲಾರದು. ಬಲಗಡೆಯ ಖಾಲಿ ಆಕಾಶ ಕತ್ತರಿಸಿದಾಗ ದೋಣಿ ಎದ್ದು ಕಂಡರೆ, ಆ ಆಕಾಶ ಬೇಕಿರಲಿಲ್ಲವೆಂದು ಕಣ್ಣಿಗೇ ಗೊತ್ತಾಗುತ್ತದೆ. ಬೆಳಕಿನ ಪಾಠವೂ ಹಾಗೆಯೇ: ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್‌ನ ರಾ ಫೈಲಿನಲ್ಲಿ 16,384 ಹಂತ. ನೆರಳನ್ನು ಎತ್ತಿ ನೋಡಿದಾಗಲೇ ಈ ಲೆಕ್ಕ ಅರ್ಥವಾಗುವುದು, ಮುಂದಿನ ಸಲ ರಾದಲ್ಲೇ ತೆಗೆಯಬೇಕೆಂದು ಮನಸ್ಸಾಗುವುದು. ಇಲ್ಲದ ಚಂದ್ರನನ್ನು ತಂದು ಅಂಟಿಸಿ ಎಂದು ನಾವು ಹೇಳುತ್ತಿಲ್ಲ. ಇದ್ದದ್ದನ್ನು ಕಾಣಿಸಲು ಕಲಿಸಿ ಎನ್ನುತ್ತಿದ್ದೇವೆ. ಕೈಯಲ್ಲಿರುವ ಚಿತ್ರ ಕಣ್ಣೆದುರೇ ಉತ್ತಮವಾದರೆ ಹೊಸಬರಿಗೆ ಧೈರ್ಯ ಬರುತ್ತದೆ, ಮತ್ತೊಂದು ಚಿತ್ರಕ್ಕೆ ಹೊರಡುವ ಹುಮ್ಮಸ್ಸೂ ಅಲ್ಲಿಂದಲೇ.

ವಿರೋಧ
ಮೊದಲು ಕಾಲು, ಆಮೇಲೆ ಬೆರಳು

ಫೋನು ತಾನಾಗಿ ತಿದ್ದುತ್ತದೆ ಎಂಬುದನ್ನು ಒಪ್ಪುತ್ತೇವೆ. ಆದರೆ ನಿಂತ ಜಾಗವನ್ನು ಫೋನೂ ಬದಲಿಸಲಾರದು, ಯಾವ ಸಾಫ್ಟ್‌ವೇರೂ ಬದಲಿಸಲಾರದು. ಗಡಾಯಿಕಲ್ಲಿನ ಚಿತ್ರ ತೆಗೆದಾಗ ಹತ್ತಿರದ ಅಡಿಕೆ ಮರವೊಂದು ಬಂಡೆಯ ನೆತ್ತಿಯಿಂದಲೇ ಎದ್ದಂತೆ ಬಿತ್ತೆನ್ನಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮರ ಜರುಗುತ್ತದೆ, ದೂರದ ಕಲ್ಲು ಇದ್ದಲ್ಲೇ ಇರುತ್ತದೆ. ಕ್ರಾಪ್ ಮಾಡಿದರೆ ಮರದ ಜೊತೆ ಕಲ್ಲಿನ ತುದಿಯೂ ಹೋಗುತ್ತದೆ. ಅಳಿಸಿದರೆ ಅಲ್ಲಿದ್ದ ತೋಟವೇ ಸುಳ್ಳಾಗುತ್ತದೆ. ಕ್ರಾಪ್‌ನಿಂದ ಹೆಚ್ಚಾದದ್ದು ಯಾವುದೆಂದು ತಿಳಿದೀತು, ಕಡಿಮೆಯಾದದ್ದು ಯಾವುದೆಂದು ತಿಳಿಯದು.

ಆಡಮ್ಸ್ ಅವರ ಉದಾಹರಣೆಯನ್ನು ಪೂರ್ತಿ ಹೇಳಬೇಕು. ಆ ಸಂಜೆ ಲೈಟ್ ಮೀಟರ್ ಕೈಗೆ ಸಿಗದೆ, ಚಂದ್ರನ ಪ್ರಖರತೆ ಎಷ್ಟೆಂದು ತಲೆಯಲ್ಲಿದ್ದ ಲೆಕ್ಕದಿಂದಲೇ ಅವರು ಎಕ್ಸ್‌ಪೋಷರ್ ನಿರ್ಧರಿಸಿದರು. ಹಾಗೆ ತೆಗೆದ ನೆಗೆಟಿವ್ ಇದ್ದುದರಿಂದಲೇ ಮುಂದೆ ಡಾರ್ಕ್‌ರೂಮಿನ ಕೆಲಸ ಸಾಧ್ಯವಾಯಿತು. ಉರಿದು ಬೆಳ್ಳಗಾದ ಆಕಾಶದಲ್ಲಿ ಮೋಡದ ಗೆರೆ ಉಳಿದೇ ಇರುವುದಿಲ್ಲ. ಸ್ಲೈಡರ್ ಎಷ್ಟು ಎಳೆದರೂ ಅಲ್ಲಿ ಸಿಗುವುದು ಬೂದು ಬಣ್ಣ ಮಾತ್ರ.

ಈ ಭಾಗದ ಹವ್ಯಾಸಿಗೆ ದೂರದ ಪ್ರವಾಸಿಗಿಲ್ಲದ ಭಾಗ್ಯವೊಂದಿದೆ: ನೋಟ ಅವರ ಮನೆಯ ಹತ್ತಿರದಲ್ಲೇ ಇದೆ. ನಮ್ಮಲ್ಲಿ ನವೆಂಬರ್ ನಡುವಿನಲ್ಲಿ ಸುಮಾರು ಆರು ಗಂಟೆಗೆ ಮುಳುಗುವ ಸೂರ್ಯ ಜುಲೈ ಮೊದಲಲ್ಲಿ ಏಳರ ಹತ್ತಿರ ಮುಳುಗುತ್ತಾನೆ. ಮುಳುಗುವ ಜಾಗವೂ ನೇರ ಪಶ್ಚಿಮದಿಂದ ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ, ಜೂನ್‌ನಲ್ಲಿ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿಯುತ್ತದೆ. ಪಾಣೆಮಂಗಳೂರಿನ ಸೇತುವೆಯಲ್ಲಿ ಅದೇ ಕಂಬಿಗೆ ಒರಗಿ ನಿಂತರೂ ಸೂರ್ಯ ನೀರಿನ ಮೇಲೆ ಬರುವುದೋ ದಡದ ತೆಂಗಿನ ಮರೆಗೆ ಹೋಗುವುದೋ ತಿಂಗಳನ್ನು ಅವಲಂಬಿಸಿದೆ. ಸೂರ್ಯ ಮುಳುಗಿದ ಮೇಲೂ ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಚಿತ್ರಕ್ಕೆ ಒದಗುವ ಬೆಳಕಿರುತ್ತದೆ. ಆಗಲೇ ಆಕಾಶ ಮತ್ತು ನೆಲದ ನಡುವಿನ ಅಂತರ ತಗ್ಗಿ ಎರಡೂ ಒಂದೇ ಎಕ್ಸ್‌ಪೋಷರ್‌ನಲ್ಲಿ ಕೂಡಿ ಬರುತ್ತವೆ. ಬಹಳ ಜನ ಅಷ್ಟರಲ್ಲಿ ಫೋನು ಜೇಬಿಗಿಳಿಸಿ ಹೊರಟಿರುತ್ತಾರೆ. ಇನ್ನಷ್ಟು ಹೊತ್ತು ನಿಲ್ಲು ಎಂಬ ಒಂದು ಮಾತು ಹತ್ತು ಸ್ಲೈಡರ್‌ಗಳ ಕೆಲಸ ಮಾಡುತ್ತದೆ. ಪುರುಸೊತ್ತಿಲ್ಲದವರಿಗೂ ತಿಂಗಳಿಗೊಂದು ಭಾನುವಾರ ಸಾಕು.

ಕಂಬಳದ ಮಾತು ಬಂತಲ್ಲ, ಎಚ್ಚರ ಹೆಚ್ಚು ಬೇಕಾದ್ದು ಅಲ್ಲಿಯೇ. ಕಂಬಳದ ಕನೆಹಲಗೆ ವಿಭಾಗದಲ್ಲಿ ನೀರು 6.5 ಕೋಲು, 7.5 ಕೋಲು ಎತ್ತರದ ನಿಶಾನೆಗೆ ಚಿಮ್ಮಿತೇ ಎಂಬುದೇ ತೀರ್ಪು. ಚೆಂದಕ್ಕೆಂದು ನೀರಿನ ಹನಿಗಳನ್ನು ಬೆಳೆಸಿದ ಚಿತ್ರ ಆ ಓಟದ ಬಗ್ಗೆ ಸುಳ್ಳು ಹೇಳುತ್ತದೆ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ತೊಡಕಿಗೆ ಸಿಕ್ಕಿದ ಕಂಬಳಕ್ಕೆ ಕಾನೂನಿನ ನೆಲೆ ಗಟ್ಟಿಯಾದದ್ದು 2023ರ ಮೇ 18ರಂದು, ಅದೇ ನ್ಯಾಯಾಲಯದ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಎತ್ತಿಹಿಡಿದಾಗ. ಕೋಣಗಳನ್ನು ಹೇಗೆ ಓಡಿಸುತ್ತಾರೆ ಎಂಬುದೇ ವಿವಾದವಾಗಿದ್ದ ಕ್ರೀಡೆಯಲ್ಲಿ ಓಟಗಾರನ ಕೈಯ ಬೆತ್ತ ಅಳಿಸಿದ ಚಿತ್ರ ಯಾರ ಪರವಾಗಿ ಸಾಕ್ಷಿ ನುಡಿಯುತ್ತದೆ? 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆ ಬಹುಮಾನ ಬಂದ ಚಿತ್ರವೊಂದನ್ನು ಕೈಬಿಟ್ಟಿತು. ಹಿನ್ನೆಲೆಯಲ್ಲಿದ್ದ ಕಾಲಿನ ತುದಿಯೊಂದನ್ನು ಅಳಿಸಿದ್ದೇ ಅದಕ್ಕೆ ಕಾರಣ.

ಬಣ್ಣದ ವಿಷಯದಲ್ಲೂ ಹೀಗೆಯೇ. 1604ರಲ್ಲಿ ವೇಣೂರಿನಲ್ಲಿ ನಿಂತ 35 ಅಡಿಯ ಬಾಹುಬಲಿಗೆ ತನ್ನದೇ ಕಲ್ಲಿನ ಬಣ್ಣವಿದೆ. ರೆಂಜಾಳ ಗೋಪಾಲ ಶೆಣೈ ಕೆತ್ತಿ, 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಮೂರ್ತಿಗೆ ತನ್ನದು. ಸಂಜೆಯ ಫಿಲ್ಟರ್ ಹಾಕಿದರೆ ಎರಡೂ ಒಂದೇ ತಾಮ್ರದ ಬಣ್ಣಕ್ಕೆ ತಿರುಗುತ್ತವೆ. ತಿದ್ದುವುದನ್ನೇ ಮೊದಲು ಕಲಿತವರ ಚಿತ್ರಗಳು ಸಲಹೆ ಕೊಟ್ಟವರ ಚಿತ್ರಗಳಂತೆಯೇ ಕಾಣತೊಡಗುವುದೂ ಇದೇ ಕಾರಣಕ್ಕೆ.

ತಿದ್ದುವ ಪಾಠವೇ ಬೇಡ ಎನ್ನುತ್ತಿಲ್ಲ, ಅದು ಎರಡನೆಯದಾಗಿರಲಿ. ಸಲಹೆ ಕೊಡುವವರು ಮೊದಲು ಕೇಳಬೇಕಾದ್ದು ಮೂರೇ ಪ್ರಶ್ನೆ: ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಿಗೆ, ಏನು ಕಂಡು ಅಲ್ಲಿ ನಿಂತಿರಿ? ಮೂರನೆಯದಕ್ಕೆ ಉತ್ತರವಿಲ್ಲದ ಚಿತ್ರವನ್ನು ಯಾವ ತಿದ್ದುಪಡಿಯೂ ಎತ್ತಲಾರದು. ಉತ್ತರವಿದ್ದವರು ಅದೇ ಜಾಗಕ್ಕೆ ತಾವಾಗಿಯೇ ಮತ್ತೆ ಹೋಗುತ್ತಾರೆ.